ಪದ್ಮಿನಿಯ ಇಂಜಿನ್ ಬಿಚ್ಚಿದ್ದೇನೆ

ಕಳೆದ ಮೇ ತಿಂಗಳು ಹೊಸಪೇಟೆಯಿಂದ ಬಳ್ಳಾರಿಗೆ ಬರುತ್ತಿದ್ದೆ. ತೋರಣಗಲ್ಲಿನ ಹತ್ತಿರ ಅದಿರಿನ ಲಾರಿಗಳ ಸಾಲು. ಫಸ್ಟ್ ಗೇರ್, ಸೆಕೆಂಡ್ ಗೇರ್, ಮತ್ತೆ ಫಸ್ಟ್. ಮಧ್ಯಾಹ್ನದ ಎರಡು ಗಂಟೆ, ಕೆಂಪು ಧೂಳು, ಗಾಳಿ ಅನ್ನೋದೇ ಇಲ್ಲ. ಟೆಂಪರೇಚರ್ ಮುಳ್ಳು ಮೇಲಕ್ಕೆ ಹೋಯಿತು. ನಾನು ಪಕ್ಕಕ್ಕೆ ಹಾಕುವಷ್ಟರಲ್ಲಿ ಸೈಲೆನ್ಸರ್‌ನಿಂದ ಬಿಳಿ ಹೊಗೆ. ಇಂಜಿನ್ನಿನ ಕೆಳಭಾಗ ಬ್ಲಾಕ್, ಮೇಲಿನ ಮುಚ್ಚಳ ಹೆಡ್; ಇವೆರಡರ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ನನ್ನದು ಕೌಲ್ ಬಜಾರ್ ಕಡೆ ಜೀನ್ಸ್‌ಗೆ ಬೇಕಾದ ಬಟನ್, ಜಿಪ್, ರಿವೆಟ್ ಮಾರುವ ಅಂಗಡಿ. ಗಾಡಿ 1992ರ ಪ್ರೀಮಿಯರ್ ಪದ್ಮಿನಿ, ಕೆಎ 34. ಸ್ಟೇರಿಂಗ್ ಪಕ್ಕದ ಗೇರ್, 1089 ಸಿ.ಸಿ. ಇಂಜಿನ್. ಡಿಕ್ಕಿ ತುಂಬ ರಿವೆಟ್ ಡಬ್ಬಿ ಹೇರಿಕೊಂಡು ಇಷ್ಟು ವರ್ಷ ನನ್ನ ಜೊತೆ ದುಡಿದ ಗಾಡಿ ಇದು. ಗ್ಯಾಸ್ಕೆಟ್ ಒಂದು ಹಾಕಿ ಮುಗಿಸಬಹುದಿತ್ತು. ಆದರೆ ಇಂಜಿನ್ ಹೇಗೂ ಬಿಚ್ಚಬೇಕು ಅಂದಾಗ, ಇಪ್ಪತ್ತು ವರ್ಷದ ಆಸೆಯನ್ನೂ ತೀರಿಸಿಕೊಳ್ಳೋಣ ಅನ್ನಿಸಿತು. ಇದೇ ಬ್ಲಾಕ್, ಇದೇ ಹೆಡ್. ಅದರಿಂದ ಸಿಗುವಷ್ಟು ಜೋರು ತೆಗೆಯಬೇಕು.

ಗೆಳೆಯರು ಮಾರುತಿ ಎಸ್ಟೀಮ್ ಇಂಜಿನ್ ಕೂರಿಸು ಅಂದರು. 1298 ಸಿ.ಸಿ., ಒಳ್ಳೆಯ ಇಂಜಿನ್, ನಿಜ. ಆದರೆ ಅದು ಮುಂದಿನ ಚಕ್ರ ತಿರುಗಿಸುವ ಗಾಡಿಯಲ್ಲಿ ಅಡ್ಡ ಕೂತ ಇಂಜಿನ್. ನಮ್ಮದು ಹಿಂದಿನ ಚಕ್ರದ ಗಾಡಿ. ಗೇರ್ ಬಾಕ್ಸ್, ಮೌಂಟಿಂಗ್ ಎಲ್ಲ ಹೊಸದಾಗಿ ಮಾಡಬೇಕು. ಪ್ರೀಮಿಯರ್ ಕಂಪನಿಯದೇ 118 ಎನ್‌ಇ ಗಾಡಿಯ 1171 ಸಿ.ಸಿ. ನಿಸಾನ್ ಇಂಜಿನ್ ಹಾಕು ಅಂತ ಇನ್ನೊಬ್ಬರು. ಯಾವುದೇ ಇಂಜಿನ್ ಬದಲಿಸಿದರೂ ಆರ್‌ಟಿಒ ಅನುಮತಿ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಅದಕ್ಕಿಂತ ಹೆಚ್ಚಾಗಿ, ಪದ್ಮಿನಿಯ ಬಾನೆಟ್ ಎತ್ತಿದರೆ ನನಗೆ ಪದ್ಮಿನಿಯ ಇಂಜಿನ್ನೇ ಕಾಣಬೇಕು. ಒಂದು ಕಾಲಕ್ಕೆ ಮದ್ರಾಸಿನ ಹತ್ತಿರ ಶೋಳವರಂನಲ್ಲಿ ಫಿಯಟ್ 1100ಗಳು ರೇಸ್ ಓಡಿದವು. ಅದೇ ವಂಶದ ಇಂಜಿನ್ ಇದು.

ಹೆಡ್ ಇಳಿಸಿ ಅಂಚುಪಟ್ಟಿ ಇಟ್ಟು ನೋಡಿದರೆ ಮಧ್ಯೆ ಬಾಗಿದೆ. ಅಲ್ಯೂಮಿನಿಯಂ ಹೆಡ್, ಕಬ್ಬಿಣದ ಬ್ಲಾಕ್. ಕಾವು ಜಾಸ್ತಿಯಾದರೆ ಮೊದಲು ಹೆಡ್ಡೇ ಬಾಗೋದು. ಹಾಗಾಗಿ ಫೇಸಿಂಗ್, ಅಂದರೆ ಹೆಡ್ಡಿನ ಅಡಿಯನ್ನು ಕೆತ್ತಿ ಸಮ ಮಾಡೋದು, ಮಾಡಿಸಲೇಬೇಕು. ಎಷ್ಟು ಕೆತ್ತಿಸಬೇಕು ಅನ್ನೋದೇ ನನ್ನ ಇಡೀ ಪ್ಲ್ಯಾನಿನ ಮುಖ್ಯ ಪ್ರಶ್ನೆ.

ಲೆಕ್ಕ ಹೀಗಿದೆ. ಬೋರ್, ಅಂದರೆ ಸಿಲಿಂಡರಿನ ಅಗಲ, 68 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 75. ಒಂದು ಸಿಲಿಂಡರ್ ಸುಮಾರು 272 ಸಿ.ಸಿ. ಕಂಪ್ರೆಷನ್ (ಪಿಸ್ಟನ್ ಒಳಗಿನ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನೋದು) 7.8 ಅಂದರೆ, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ 40 ಸಿ.ಸಿ. ನನ್ನ ಬ್ಲಾಕ್ ಸವೆದಿದೆ, 1 ಮಿ.ಮೀ. ದೊಡ್ಡ ಪಿಸ್ಟನ್‌ಗೆ ಬೋರ್ ಮಾಡಿಸುತ್ತೇನೆ. ಆಗ ಒಂದು ಸಿಲಿಂಡರ್ 280 ಸಿ.ಸಿ., ನಾಲ್ಕೂ ಸೇರಿ ಸುಮಾರು 1122. ಬರೀ ಬೋರಿನಿಂದ ಕಂಪ್ರೆಷನ್ 8 ಆಗುತ್ತದೆ. ಅದು ಸಾಲದು. ನನಗೆ 8.8 ಬೇಕು. ಅಂದರೆ ಮೇಲಿನ ಜಾಗ 40ರಿಂದ 36 ಸಿ.ಸಿ.ಗೆ ಇಳಿಯಬೇಕು.

ಆ ಜಾಗದ ಹೆಚ್ಚಿನ ಪಾಲು ಇರೋದು ಹೆಡ್ಡಿನ ಅಡಿಯ ಗುಂಡಿಗಳಲ್ಲಿ, ಸಿಲಿಂಡರಿಗೆ ಒಂದು. ಅವನ್ನು ಅಳೆಯಲು ಮೆಡಿಕಲ್ ಶಾಪಿನಿಂದ 50 ಎಂ.ಎಲ್. ಸಿರಿಂಜ್ ತಂದೆ. ವಾಲ್ವ್ ಕೂರಿಸಿ, ಹೆಡ್ ತಿರುವಿಟ್ಟು, ಲೆವೆಲ್ ನೋಡಿ, ಮೇಲೆ ತೂತಿರುವ ಅಕ್ರಿಲಿಕ್ ತುಂಡು ಗ್ರೀಸ್ ಹಚ್ಚಿ ಮುಚ್ಚಿ, ಸೀಮೆಎಣ್ಣೆ ಬಿಟ್ಟೆ. ನಾಲ್ಕರಲ್ಲಿ ಮೂರು ಗುಂಡಿ 35 ಸಿ.ಸಿ. ಆಸುಪಾಸು ಬಂದವು, ಮೂರನೇ ಸಿಲಿಂಡರಿನದು ಮಾತ್ರ 34. ಹಳೇ ಕಾಲದಲ್ಲಿ ಯಾರೋ ವಾಲ್ವ್ ಸೀಟ್ ಬದಲಿಸುವಾಗ ಮೇಲೆ ಕೂರಿಸಿದ್ದಾರೆ. ಮೊದಲು ಅದನ್ನು ಸರಿಗಟ್ಟಬೇಕು. ಆಮೇಲೆ ಅಕ್ರಿಲಿಕ್ ತೆಗೆದು, ಅಂಚಿನವರೆಗೆ ತುಂಬಿದ ಗುಂಡಿಯಿಂದ ಸಿರಿಂಜಿನಲ್ಲಿ 4 ಸಿ.ಸಿ. ಎಳೆದುಕೊಂಡೆ. ಎಣ್ಣೆ ಎಷ್ಟು ಕೆಳಗೆ ಹೋಯಿತೋ ಅಷ್ಟು ಕೆತ್ತಬೇಕು. ಡೆಪ್ತ್ ಗೇಜ್ 1.3 ಮಿ.ಮೀ. ತೋರಿಸಿತು. ಆ ಅಂಕಿ ಕಂಡಾಗ ಆದ ಖುಷಿ ಹೇಳತೀರದು.

ಆದರೆ ಹೆಡ್ 1.3 ಮಿ.ಮೀ. ಕೆಳಗೆ ಬಂದರೆ ವಾಲ್ವ್ ಒತ್ತುವ ರಾಕರ್ ಕೂಡ ಕೆಳಗೆ ಬರುತ್ತದೆ. ಅದನ್ನು ಕೆಳಗಿನಿಂದ ತಳ್ಳುವ ಪುಶ್‌ರಾಡ್ ಉದ್ದ ಮಾತ್ರ ಹಾಗೇ ಇರುತ್ತದೆ. ಆ ವ್ಯತ್ಯಾಸ ಸರಿಮಾಡಲು ಟ್ಯಾಪೆಟ್ ಸ್ಕ್ರೂ ಸಾಕಾಗದಿದ್ದರೆ ರಾಕರ್ ಸ್ಟ್ಯಾಂಡಿನ ಕೆಳಗೆ ಅಷ್ಟೇ ದಪ್ಪದ ಪಟ್ಟಿ ಕೊಡಬೇಕು.

ಕಂಪ್ರೆಷನ್ 9.5ಕ್ಕೆ ಹೋಗು ಅಂತ ಆಸೆ ಹುಟ್ಟಿಸುವವರಿದ್ದಾರೆ. ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿನ ಆಕ್ಟೇನ್ ಜಾಸ್ತಿ, ಅಷ್ಟರ ಮಟ್ಟಿಗೆ ಅದು ನಮಗೆ ಅನುಕೂಲ. ಆದರೆ ಏಪ್ರಿಲ್‌ನಲ್ಲಿ 42 ಡಿಗ್ರಿ ಮುಟ್ಟುವ ಊರು ಇದು. ಲಾರಿ ಹಿಂದೆ ತೆವಳುವಾಗ ಪೆಟ್ರೋಲ್ ತಾನಾಗಿ ಸಿಡಿದು ಇಂಜಿನ್ ನಾಕ್ ಹೊಡೆಯಬಾರದು. ಅದಕ್ಕೇ 8.8ಕ್ಕೆ ನಿಲ್ಲಿಸಿದೆ. ಅದೇ ಎಥನಾಲಿಗೆ ಕಾರ್ಬೊರೇಟರ್ ಜೆಟ್ ಸ್ವಲ್ಪ ದೊಡ್ಡದು ಬೇಕು, ಇಲ್ಲದಿದ್ದರೆ ಮಿಶ್ರಣ ತೆಳುವಾಗಿ ಕಾವು ಏರುತ್ತದೆ. ಹಳೇ ರಬ್ಬರ್ ಪೈಪ್, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಎಲ್ಲ ಬದಲು.

ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟನ್ನು ಕೊಯಮತ್ತೂರಿಗೆ ಕಳಿಸಿ ಗ್ರೈಂಡ್ ಮಾಡಿಸಬೇಕು ಅಂತ ತುಂಬಾ ದಿನ ಯೋಚಿಸಿದೆ. ಈಗ ಬಿಟ್ಟಿದ್ದೇನೆ. ಈ ಕ್ರ್ಯಾಂಕ್‌ಗೆ ತಿರುಗಲು ಆಧಾರವಾಗಿ ಇರೋದು ಮೂರೇ ಮೇನ್ ಬೇರಿಂಗ್. ಮೇಲಿನ ಆರ್‌ಪಿಎಂನಲ್ಲಿ ಶಕ್ತಿ ಹುಡುಕುವ ಇಂಜಿನ್ ಅಲ್ಲ ಇದು. ಆ ದುಡ್ಡು ರೇಡಿಯೇಟರ್‌ಗೆ ಹೋಗಲಿ. ಬ್ಲಾಕ್‌ನ ನೀರಿನ ದಾರಿಯಿಂದ ತಂತಿ ಹಾಕಿ ತೆಗೆದ ತುಕ್ಕು ಮತ್ತು ಸುಣ್ಣದಂಥ ರಾಡಿ ಒಂದು ದೊಡ್ಡ ಲೋಟ ತುಂಬಿತ್ತು. ನಮ್ಮ ಬೋರ್‌ವೆಲ್ ನೀರು ವರ್ಷಗಟ್ಟಲೆ ಹಾಕಿದ್ದರ ಫಲ. ಇನ್ನು ಮುಂದೆ ಡಿಸ್ಟಿಲ್ಡ್ ನೀರು, ಕೂಲಂಟ್. ರೇಡಿಯೇಟರ್‌ಗೆ ಹೊಸ ಕೋರ್, ಒಂದು ಸಾಲು ಜಾಸ್ತಿ. ಏರ್ ಫಿಲ್ಟರ್ ಡಬ್ಬಿಯ ಅಂಚಿಗೆ ಹೊಸ ರಬ್ಬರ್. ಸಂಡೂರು ಕಡೆಯ ಆ ಕೆಂಪು ಪುಡಿ ಒಳಗೆ ಹೋದರೆ ಹೊಸ ರಿಂಗ್ ಎಷ್ಟು ದಿನ ಬಾಳುತ್ತದೆ ಹೇಳಿ?

ಹೆಂಡತಿ ಲೆಕ್ಕದ ಪುಸ್ತಕ ನೋಡಿ ಒಂದೇ ಮಾತು ಕೇಳಿದಳು: “ಬ್ರೇಕಿಗೆ ಎಷ್ಟು ಇಟ್ಟೀರಿ?” ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ. ನಾನು ಬರೆದೇ ಇರಲಿಲ್ಲ. ಈಗ ಹೊಸ ಲೈನಿಂಗ್, ವೀಲ್ ಸಿಲಿಂಡರ್, ಹೋಸ್ ಎಲ್ಲ ಪಟ್ಟಿಯ ಮೊದಲಿಗೇ ಬಂದಿವೆ.

ಬೋರಿಂಗ್ ವಿಷಯದಲ್ಲಿ ನನಗೆ ಒಂದು ಹಳೇ ನೋವಿದೆ. ಹನ್ನೊಂದು ವರ್ಷದ ಹಿಂದೆ ಒಂದು ಕಡೆ ಪಿಸ್ಟನ್ ಕೈಗೆ ಬರುವ ಮೊದಲೇ ಬೋರ್ ಮಾಡಿಕೊಟ್ಟರು. ಆಮೇಲೆ ಪಿಸ್ಟನ್ ಸಡಿಲ. ತಣ್ಣಗಿರುವಾಗ ಟಕಟಕ ಸದ್ದು, ನೂರು ಕಿಲೋಮೀಟರಿಗೆ ಎಣ್ಣೆ ಹಾಕಬೇಕು. ಈ ಸಲ ನಮ್ಮ ಚಾಚಾ, ನಲವತ್ತು ವರ್ಷ ಫಿಯಟ್ ಮಾಡಿದ ಮಿಸ್ತ್ರಿ, ಮೊದಲ ದಿನವೇ ಹೇಳಿಬಿಟ್ಟರು: “ಸಾವ್ಕಾರ್ರೆ, ಮೊದ್ಲು ಪಿಸ್ಟನ್ ತರ್ರಿ. ಬೋರಿನ ಮಾತು ಆಮೇಲೆ.” ಒಂದೊಂದು ಪಿಸ್ಟನ್ ಅಳೆದು, ಅದರದರ ಸಿಲಿಂಡರ್ ಅದರದರ ಅಳತೆಗೆ. ಪಿಸ್ಟನ್ ತಲೆಯ ಮೇಲೆ ನಂಬರ್.

ಇಂಜಿನ್ ಬಿಚ್ಚುವ ಮೊದಲು ಟಾಪ್ ಗೇರಿನಲ್ಲಿ 40ರಿಂದ 80ಕ್ಕೆ ಎಷ್ಟು ಹೊತ್ತು ಅಂತ ಫೋನಿನಲ್ಲಿ ನೋಡಿಟ್ಟಿದ್ದೆ. 24 ಸೆಕೆಂಡ್. ಸಾವಿರ ಕಿಲೋಮೀಟರ್ ನಿಧಾನ ಓಡಿಸಿ, ಎಣ್ಣೆ ಬದಲಿಸಿ, ಅದೇ ರಸ್ತೆಯಲ್ಲಿ ಮತ್ತೆ ನೋಡುತ್ತೇನೆ.

ಪಿಸ್ಟನ್ ಗುರುವಾರ ಬರುತ್ತವೆ. ಬಂದ ಕೂಡಲೇ ನಾಲ್ಕನ್ನೂ, ಜೊತೆಗೆ ಕನೆಕ್ಟಿಂಗ್ ರಾಡ್‌ಗಳನ್ನೂ ತೂಗಬೇಕು. ನಮ್ಮ ಎದುರಿನ ಬಂಗಾರದ ಅಂಗಡಿಯವರು, ಗಿರಾಕಿ ಇಲ್ಲದ ಹೊತ್ತಿಗೆ ಬಾ, ತಕ್ಕಡಿ ಕೊಡ್ತೀನಿ ಅಂದಿದ್ದಾರೆ. ಎಲ್ಲಕ್ಕಿಂತ ಹಗುರದ್ದು ಯಾವುದೋ, ಉಳಿದ ಮೂರನ್ನು ಒಳಗಿನಿಂದ ಉಜ್ಜಿ ಅದರ ತೂಕಕ್ಕೆ ತರುತ್ತೇವೆ.