ಪಕ್ಕದ ಮನೆ ಹುಡುಗಿ ಕೇಳಿದ್ದು

"ನಿಮ್ಮೂರಲ್ಲಿ ನನ್ನ ಥರದವರು ಮಾತಾಡೋದು ಹೀಗೇನಾ?"

ಇಲ್ಲಿ ನ್ಯೂಜೆರ್ಸಿಯಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಹೀಗೆ ಕೈಯಲ್ಲೇ ಕೇಳಿದಳು, ಅವಳ ಅಮ್ಮ ನನಗೆ ಬಾಯಲ್ಲಿ ಹೇಳಿದರು. ಅವಳಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ನನ್ನ ಮಗಳು ಭರತನಾಟ್ಯದ ಅಲಪದ್ಮ ಹಸ್ತ ಹಿಡಿದು ತಾವರೆ ಅರಳಿಸುತ್ತಿದ್ದಳು. ಇವಳು ಸ್ವಲ್ಪ ಹೊತ್ತು ನೋಡಿ ಅದನ್ನೇ ಮಾಡಿದಳು, ಕಿರುಬೆರಳಿನಿಂದ ಶುರುವಾಗಿ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡ ರೀತಿ ಮಗಳಿಗಿಂತ ಚೆನ್ನಾಗಿತ್ತು. ಇಲ್ಲ ಪುಟ್ಟಿ, ಇದು ನೃತ್ಯಕ್ಕೆ ಮಾತ್ರ ಅಂದೆ. "ಹಾಗಾದ್ರೆ ನಿಮ್ಮೂರಲ್ಲಿ ನನ್ನ ಥರದವರೂ ಡಾನ್ಸ್ ಮಾಡ್ತಾರಾ?"

ಅವಳು ಹಾಗೆ ಕೇಳಿದ್ದು ಸಹಜ. ಅಲೆಕ್ಸಾಂಡ್ರಿಯಾ ವೇಲ್ಸ್ ಅಂದ್ರೆ ಅವಳಿಗೆ ಪ್ರಾಣ. ವೇಲ್ಸ್ ಅವರಿಗೂ ಕಿವಿ ಕೇಳುವುದಿಲ್ಲ, ಆದರೂ ಡಾನ್ಸ್ ಕಲಿತು ನ್ಯೂಯಾರ್ಕಿನ ಬ್ರಾಡ್‌ವೇ ಸಂಗೀತ ನಾಟಕಗಳವರೆಗೆ ಬಂದವರು. 2003ರ 'ಬಿಗ್ ರಿವರ್', 2015ರ 'ಸ್ಪ್ರಿಂಗ್ ಅವೇಕನಿಂಗ್' ಎರಡರಲ್ಲೂ ಇದ್ದರು. ಕಿವಿ ಕೇಳದವರ ಡೆಫ್ ವೆಸ್ಟ್ ರಂಗತಂಡದ ಈ ನಾಟಕಗಳಲ್ಲಿ ಒಬ್ಬರು ಹಾಡನ್ನು ಸನ್ನೆ ಭಾಷೆಯಲ್ಲಿ ಹೇಳಿದರೆ ಇನ್ನೊಬ್ಬರು ಅದಕ್ಕೆ ದನಿ ಕೊಡುತ್ತಾರೆ. ಸಂಗೀತ ಕೇಳದವರು ತಾಳ ಹಿಡಿಯುವುದು ಮನಸ್ಸಿನಲ್ಲೇ ಎಣಿಸಿಕೊಂಡು, ದೀಪದ ಸೂಚನೆ ನೋಡಿಕೊಂಡು, ಪಕ್ಕದ ನಟ ಮೆಲ್ಲಗೆ ಮುಟ್ಟಿದಾಗ. 2022ರಲ್ಲಿ 'ಫಾರ್ ಕಲರ್ಡ್ ಗರ್ಲ್ಸ್' ನಾಟಕದಲ್ಲಿ ವೇಲ್ಸ್ 'ಲೇಡಿ ಇನ್ ಪರ್ಪಲ್' (ನೇರಳೆ ಉಡುಗೆಯ ಹೆಣ್ಣು) ಪಾತ್ರದಲ್ಲಿ ಕುಣಿತ, ಕವಿತೆ, ಸನ್ನೆ ಮೂರನ್ನೂ ಒಟ್ಟಿಗೆ ತಂದರು. ಆಸ್ಕರ್ ಗೆದ್ದ 'ಕೋಡಾ' ಸಿನಿಮಾಕ್ಕೆ ಸನ್ನೆ ಭಾಷೆಯ ನಿರ್ದೇಶನ ಮಾಡಿದವರಲ್ಲೂ ಒಬ್ಬರು.

ಇಷ್ಟೆಲ್ಲ ಗೊತ್ತಿರುವ ಮಗುವಿಗೆ ನಾನೇನು ಹೇಳಲಿ? ನೆನಪಾದದ್ದು ನಮ್ಮ ಚಿಕ್ಕಪ್ಪನ ಮಗ. ಊರೆಲ್ಲ ಅವನನ್ನು ಮೂಗ ಅಂತಲೇ ಕರೆಯುತ್ತಿತ್ತು. ಯಕ್ಷಗಾನದ ಆಟ ಇದ್ದ ರಾತ್ರಿ ಅವನು ರಂಗಸ್ಥಳದ ಎದುರು ಬೆಳಗಿನವರೆಗೆ ಕದಲುತ್ತಿರಲಿಲ್ಲ, ಚೆಂಡೆ ಪೆಟ್ಟು ಎದೆಗೆ ಬಡಿಯುತ್ತೆ ಅಂತ ಎದೆ ತಟ್ಟಿ ತೋರಿಸುತ್ತಿದ್ದ. ಮರುದಿನ ಅಂಗಳದಲ್ಲಿ ಬಣ್ಣದ ವೇಷದ, ಅಂದ್ರೆ ರಾಕ್ಷಸ ಪಾತ್ರದ, ಪ್ರವೇಶವನ್ನು ಪೂರ್ತಿ ಕುಣಿಯುತ್ತಿದ್ದ. ದೊಡ್ಡವರು ನೋಡಿ ನಕ್ಕು, ಆಮೇಲೆ ತೋಟಕ್ಕೆ ಅಡಿಕೆ ಹೆಕ್ಕಲು ಕಳಿಸುತ್ತಿದ್ದರು. ಹೆಜ್ಜೆ ಕಲಿಸೋಣ ಅಂತ ಯಾರಿಗೂ ಅನ್ನಿಸಲಿಲ್ಲ. ತಾಳ ಕೇಳದವನಿಗೆ ಎಂಥ ಕುಣಿತ ಅಂತ ಅಲ್ಲಿಗೇ ಬಿಟ್ಟರು.

ನಮ್ಮಲ್ಲಿ ಒಂಟಿ ಕೈಗೇ 28 ಹಸ್ತ (ಕೈಮುದ್ರೆ) ಇವೆ ಅಂತ ಎಷ್ಟು ಹೆಮ್ಮೆಯಿಂದ ಹೇಳ್ತೀವಿ, ಅಲ್ವಾ? ಕೈಯಲ್ಲೇ ಬದುಕುವ ಮಕ್ಕಳನ್ನು ಮಾತ್ರ ಆ ಕ್ಲಾಸಿನ ಬಾಗಿಲಿಗೂ ಕರೆದುಕೊಂಡು ಹೋಗಲ್ಲ. ಕಿವಿ ಕೇಳದ ನರ್ತಕರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ, ಬೆರಳೆಣಿಕೆಯಷ್ಟು ಜನ ಹಟ ಹಿಡಿದು ಕಲಿತಿದ್ದಾರೆ.

ಊರಲ್ಲಿ ಭರತನಾಟ್ಯ ಕಲಿಸುವ ಗೆಳತಿಯರೇ, ಅಂಥ ಮಗು ಬಂದರೆ ಸೇರಿಸಿಕೊಳ್ತೀರಾ? ತಾಳ ಹಾಕುವ ತಟ್ಟುಮಣೆಯ ಪೆಟ್ಟು ನೆಲದಿಂದ ಕಾಲಿಗೆ ಸಿಗುತ್ತೆ, ಹೆಜ್ಜೆಗೆ ಹೇಳುವ ಜತಿಯನ್ನು ಕೈಯಲ್ಲಿ ಎಣಿಸಿ ತೋರಿಸಬಹುದು. ಯಾರಾದರೂ ಈಗಾಗಲೇ ಕಲಿಸುತ್ತಿದ್ದರೆ ದಯವಿಟ್ಟು ತಿಳಿಸಿ, ಆ ಹುಡುಗಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.