ಬೋರ್ ಗಾಡಿಗಿಂತ ಮೊದ್ಲ ಟೇಪ್ ಬರ್ಲಿ

ಹೋದ ಏಪ್ರಿಲ್‌ನಾಗ ಊರಿಗೆ ಹೋಗಿದ್ದೆ, ರೋಣ ತಾಲೂಕಿನ್ಯಾಗ ನಮ್ಮೂರು. ಮುಂಜಾನೆ ಅವ್ವನ ಸಂಗಾಟ ಕೊಡ ತಗೊಂಡು ಮಿನಿ ಟ್ಯಾಂಕಿಗೆ ಹೋದ್ರ ನಳದಾಗ ಬರೇ ಬುಸ್ ಬುಸ್ ಅಂತ ಗಾಳಿ, ಆಮ್ಯಾಲೆ ಒಂದೀಟು ರಾಡಿ ನೀರು ಕಾರಿ ಮತ್ತ ಬಂದ್. ವಾಟರ್‌ಮ್ಯಾನ್‌ಗ ಕೇಳಿದ್ರ "ಮೋಟರ್ ಚಲೋ ಐತಿ ತಂಗಿ, ಕೆಳಗ ನೀರ ಇಲ್ಲ" ಅಂದ. ಹಿಂದಿನ ವಾರನ ಬಾಜೂ ಹೊಲದಾಗ ಹೊಸಾ ಬೋರ್ ಹೊಡಿಸಿದ್ರು, ಮೂರು ಇಂಚು ನೀರು ಬಿದ್ದಿತ್ತು. ಹೊಲ ಬ್ಯಾರೆ ಯಾರ್ದೂ ಅಲ್ಲ, ನಮ್ಮ ಕಾಕಾಂದ.

ಟ್ಯಾಂಕಿಗೆ ನೀರು ಕೊಡೋ ಊರಿನ ಬೋರಿನಿಂದ ಕಾಕಾನ ಹೊಸಾ ಬೋರಿಗೆ ಎಷ್ಟು ದೂರ ಅಂತ ಮೊಬೈಲ್ ಮ್ಯಾಪ್‌ನಾಗ ಅಳದ್ ನೋಡಿದೆ, ಸುಮಾರು 180 ಮೀಟರ್. ಕುಡಿಯೋ ನೀರಿನ ಮೂಲ ಕಾಯಾಕಂತನ ನಮ್ಮ ರಾಜ್ಯದಾಗ 1999ರ ಕಾಯ್ದೆ ಐತಿ, ಊರಿನ ಕುಡಿಯೋ ನೀರಿನ ಬೋರಿನಿಂದ 500 ಮೀಟರ್ ಒಳಗ ಪರ್ಮಿಶನ್ ಇಲ್ದ ಬಾವಿ, ಬೋರು ಏನೂ ತೋಡಂಗಿಲ್ಲ. ಕಾಕಾಗ ಹೇಳಿದ್ರ ಅಂವಗ ಖರೇನ ಗೊತ್ತಿರ್ಲಿಲ್ಲ. "ಪೇಪರ್ ಎಲ್ಲಾ ನಾ ನೋಡ್ಕೋತೀನಿ ಅಂದಿದ್ದ ಏಜೆಂಟ, ರಾತ್ರಿ ಹನ್ನೊಂದಕ್ಕ ಗಾಡಿ ಬಂತು, ಬೆಳಕ ಹರಿಯೋದ್ರಾಗ ಹೋತು, ಶೇಂಗಾ ಒಣಗಾಕತ್ತಿತ್ತವ್ವಾ, ನಾ ಏನ್ ಮಾಡ್ಲಿ" ಅಂದ. ಕೇಳಿ ಸಂಕಟ ಆತು, ಅಂವದೂ ಹೊಟ್ಟಿ ಪಾಡು, ನಮ್ಮವ್ವಂದೂ ಕೊಡದ ಪಾಡು.

ಅದಕ್ಕ ನಾ ಹೇಳೋದು, ಬೋರ್ ಹೊಡಸೋ ಲೈಸೆನ್ಸ್ ಅನ್ನೋದನ್ನ ರೈತನ ಕೊರಳಿಗೆ ಕಟ್ಟಬ್ಯಾಡ್ರಿ, ಬೋರ್ ಹೊಡಿಯೋ ಗಾಡಿಗೆ ಕಟ್ರಿ. ಹೊಲ ಸಾವಿರ ಅದಾವು, ಗಾಡಿ ಇರೋದು ಕೆಲವ. 2011ರ ಅಂತರ್ಜಲ ಕಾಯ್ದೆದಾಗ ಬೋರ್ ಗಾಡಿಯವ್ರು ನೋಂದಣಿ ಮಾಡಿಸ್ಬೇಕಂತ ಐತಿ, ಜಿಲ್ಲಾಕ್ಕೊಂದು ಸಮಿತಿನೂ ಐತಿ, ಡೀಸಿ ಸಾಹೇಬ್ರ ಅದಕ್ಕ ಅಧ್ಯಕ್ಷರು. ತೆರೆದ ಬೋರಿನ್ಯಾಗ ಮಕ್ಳು ಬಿದ್ದು ಸಾಯಾಕತ್ತಿದ್ದಕ್ಕ ಸುಪ್ರೀಂ ಕೋರ್ಟ್ 2010ರಾಗ ಹೇಳೇತಿ, ಬೋರ್ ಹೊಡಸೋ 15 ದಿನ ಮೊದ್ಲ ಬರದ್ ತಿಳಿಸ್ಬೇಕು ಅಂತ. ಆ 15 ದಿನದಾಗ ಪಂಚಾಯ್ತಿಯಿಂದ ಒಬ್ಬ ಟೇಪ್ ಹಿಡ್ಕೊಂಡು ಬಂದಿದ್ರ ಸಾಕಿತ್ತು, ಕಾಕಾ ಹೊಲದ ಆ ಕಡೆ ತುದಿಗೆ ಪಾಯಿಂಟ್ ನೋಡಿಸ್ತಿದ್ದ, ಅಲ್ಲಿಂದ 500 ದಾಟ್ತೈತಿ, ಅದನ್ನೂ ಅಳದೇನಿ.

ಪಂಚಾಯ್ತಿಗೆ ಮ್ಯಾಪ್ ಸಮೇತ ಅರ್ಜಿ ಬರದ್ ಕೊಟ್ಟೆ. ಊರಿನ ಕುಡಿಯೋ ನೀರಿನ ಬೋರ್ ಎಲ್ಲೆಲ್ಲಿ ಅದಾವ, ಸುತ್ತ 500 ಮೀಟರ್ ಎಲ್ಲಿ ತನಕ ಬರ್ತೈತಿ, ಇಷ್ಟನ್ನ ಗ್ವಾಡಿ ಮ್ಯಾಲ ಬಣ್ಣದಾಗ ಬರಸ್ರಿ, ಬರೋ ಗಾಡಿ ನಂಬರ್ ಒಂದ್ ರಜಿಸ್ಟರ್‌ನಾಗ ಹಚ್ರಿ ಅಂತ. ಸ್ವೀಕೃತಿ ಸಿಕ್ಕೇತಿ, ಗ್ವಾಡಿ ಇನ್ನೂ ಖಾಲಿನ ಐತಿ.

ಈಗ ಕಾಕಾ ದಿನಾ ಕರೆಂಟ್ ಬಂದ ಕೂಡ್ಲೆ ಮೊದಲಿನ ಒಂದ್ ತಾಸು ತನ್ನ ಬೋರಿನ ಪೈಪು ಮಿನಿ ಟ್ಯಾಂಕಿಗೆ ಹಾಕ್ತಾನ, ಆಮ್ಯಾಲೆ ಶೇಂಗಾಕ್ಕ.