ಜಪಾನಿ ಕಾದಂಬರಿಗಳೆಲ್ಲ ಯಾಕೆ ಇಷ್ಟು ಮೌನ?

ಇಂಗ್ಲಿಷಿನಲ್ಲಿ ನಾಲ್ಕಾರು ಜಪಾನಿ ಕಾದಂಬರಿ ಓದಿದವರೆಲ್ಲ ಕೇಳುವ ಪ್ರಶ್ನೆ ಇದು: ಯಾಕೆ ಯಾವಾಗಲೂ ಹಿಮ, ಮೌನ, ವಿಷಾದ, ಮುಗಿಯದೆ ಮುಗಿಯುವ ಕತೆ? ಅದು ಜಪಾನಿನ ಸ್ವಭಾವ ಎನ್ನುವುದಕ್ಕಿಂತ ನ್ಯೂಯಾರ್ಕಿನ ಒಂದು ಪ್ರಕಾಶನದ ಆಯ್ಕೆ ಎನ್ನುವುದೇ ಸರಿ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಶತ್ರುವಿನ ಕಾಗದಪತ್ರ ಓದಲೆಂದು ತರುಣರಿಗೆ ಜಪಾನಿ ಕಲಿಸಿತು. ಮುಂದೆ ಜಪಾನಿ ಸಾಹಿತ್ಯದ ಅನುವಾದಕರಾದ ಡೊನಾಲ್ಡ್ ಕೀನ್, ಎಡ್ವರ್ಡ್ ಸೈಡನ್‌ಸ್ಟಿಕರ್ ತಯಾರಾದದ್ದು ಅಲ್ಲೇ. ನ್ಯೂಯಾರ್ಕಿನ ಕ್ನಾಫ್ ಪ್ರಕಾಶನದ ಸಂಪಾದಕ ಹೆರಾಲ್ಡ್ ಸ್ಟ್ರಾಸ್ 1955ರಿಂದ ಜಪಾನಿ ಕಾದಂಬರಿಗಳನ್ನು ಸಾಲಾಗಿ ತಂದರು. ತನಿಝಾಕಿ, ಕವಬಾತ, ಮಿಶಿಮಾ ಈ ಮೂವರು ಕಾದಂಬರಿಕಾರರದೇ ಮೇಲುಗೈ. ನಿನ್ನೆಯ ಶತ್ರು ಮಿತ್ರನಾಗಿದ್ದ ಹೊತ್ತದು. ಕಳೆದುಹೋಗುವ ಚೆಲುವಿಗೆ ಮರುಗುವ ಜಪಾನು ಅಮೆರಿಕದವರಿಗೆ ಹಿಡಿಸಿತು. ಓಓಕಾ ಶೋಹೆಯ ಭೀಕರ ಯುದ್ಧಕಾದಂಬರಿಯನ್ನೂ ಇದೇ ಸಂಸ್ಥೆ 1957ರಲ್ಲಿ ತಂದಿತ್ತು, ನಿಜ. ಓದುಗರ ಮನಸ್ಸಲ್ಲಿ ನಿಂತದ್ದು ಮಾತ್ರ ಕಿಮೋನೊ. ಜಪಾನಿನಲ್ಲಿ ಮನೆಮಾತಾದ ಕಾದಂಬರಿಕಾರ ಸೋಸೆಕಿಯ ಕತೆ ಹೇಳುವ ಬೆಕ್ಕು, ಅದರ ತುಂಟ ಹರಟೆ, ಈ ಚಿತ್ರದೊಳಗೆ ಬರಲೇ ಇಲ್ಲ.

ಆಯ್ಕೆಯ ಮೇಲೆ ಭಾಷೆಯ ತೊಡಕು ಬೇರೆ. ಕವಬಾತರ ‘ಹಿಮನಾಡು’ ಶುರುವಾಗುವುದು ಸುಮಾರು ಹೀಗೆ: ಗಡಿಯ ಉದ್ದನೆಯ ಸುರಂಗ ದಾಟಿದರೆ ಹಿಮನಾಡು. ದಾಟಿದ್ದು ರೈಲೋ, ಒಳಗೆ ಕೂತವನೋ, ಹೇಳಿಲ್ಲ. ಇಂಗ್ಲಿಷ್ ವಾಕ್ಯಕ್ಕೆ ಕರ್ತೃ ಬೇಕೇ ಬೇಕು. 1956ರ ಅನುವಾದದಲ್ಲಿ ಸೈಡನ್‌ಸ್ಟಿಕರ್ ರೈಲನ್ನು ತಂದು ಕೂರಿಸಿದರು. ಬೋಗಿಯೊಳಗಿದ್ದ ಓದುಗ ಆಚೆ ನಿಂತು ರೈಲು ನೋಡುವವನಾದ. ಕನ್ನಡಕ್ಕೆ ಈ ಕಷ್ಟವಿಲ್ಲ. ನಮ್ಮಲ್ಲೂ ಕ್ರಿಯಾಪದ ಕೊನೆಗೆ, ಕರ್ತೃ ಬಿಟ್ಟರೂ ವಾಕ್ಯ ನಿಲ್ಲುತ್ತದೆ. ಆದರೆ ಇಂಗ್ಲಿಷನ್ನು ಹಿಡಿದು ಕನ್ನಡಕ್ಕೆ ತಂದರೆ ಆ ರೈಲೂ ಹಿಂದೆಯೇ ಬರುತ್ತದೆ. ನಮ್ಮ ನುಡಿಗೆ ಇಷ್ಟು ಹತ್ತಿರವಿರುವ ವಾಕ್ಯವನ್ನು ಸುತ್ತಿ ಬಳಸಿ ತರುವುದು ಸಂಕಟದ ಸಂಗತಿ. ಹಾಗೆಂದು ಅನುವಾದಕರನ್ನು ಹಳಿಯುವಂತಿಲ್ಲ. 1968ರ ನೊಬೆಲ್ ಬಂದಾಗ ಅದರಲ್ಲಿ ಅರ್ಧ ಸೈಡನ್‌ಸ್ಟಿಕರ್ ಅವರದೆಂದು ಸ್ವತಃ ಕವಬಾತರೇ ಒಪ್ಪಿದ್ದರು.

ಓದುವ ಮುನ್ನ ಶೀರ್ಷಿಕೆ ಪುಟದ ಹಿಂಬದಿಯ ಪುಟ ನೋಡಿ: ಯಾವ ಭಾಷೆಯಿಂದ, ಯಾವ ವರ್ಷ, ಸಂಕ್ಷಿಪ್ತವೋ ಪೂರ್ಣವೋ. ಆ ಪುಟವೂ ಎಲ್ಲವನ್ನೂ ಹೇಳದು. ಈಚಿನ ಜಪಾನಿ ಕಾದಂಬರಿಕಾರ ಮುರಕಾಮಿಯ ‘ದ ವಿಂಡ್-ಅಪ್ ಬರ್ಡ್ ಕ್ರಾನಿಕಲ್’ (ಕೀಲಿಹಕ್ಕಿಯ ಕಾದಂಬರಿ) 1997ರಲ್ಲಿ ಇಂಗ್ಲಿಷಿಗೆ ಬಂದಾಗ ಪ್ರಕಾಶಕರ ಗಾತ್ರದ ಮಿತಿಗಾಗಿ ಸುಮಾರು 25,000 ಪದ ಕತ್ತರಿಸಿಹೋದವು. ಅವರದೇ ಇನ್ನೊಂದು ಕಾದಂಬರಿ ಜರ್ಮನ್ ಭಾಷೆಗೆ ಹೋದದ್ದು ಜಪಾನಿಯಿಂದಲ್ಲ, ಇಂಗ್ಲಿಷಿನಿಂದ. 2000ದಲ್ಲಿ ಜರ್ಮನಿಯ ಟಿವಿ ವಿಮರ್ಶಕರು ಅದರ ಶೃಂಗಾರದ ಭಾಷೆ ಹಿಡಿದು ದೊಡ್ಡ ಜಗಳವಾಡಿದರು. ಅವರು ಜಗಳವಾಡಿದ್ದು ಅನುವಾದದ ಅನುವಾದದ ಮೇಲೆ. ಜಪಾನಿಯಿಂದ ನೇರವಾಗಿ ಮಾಡಿದ ಜರ್ಮನ್ ಅನುವಾದ ಬಂದದ್ದು 2013ರಲ್ಲಿ, ಬೇರೆ ಹೆಸರಿನಲ್ಲಿ.